ನೆತ್ತರುಗೊಡಗೆಯಿಂದ ಮೂತ್ರಪಿಂಡದವರೆಗೆ

ಕಳೆದ ಬೇಸಗೆಯ ಒಂದು ಸಂಜೆ ಕೊಟ್ಟೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದೆ. ಕೂಡ್ಲಿಗಿಯ ಕಡೆಯ ಹಳ್ಳಿಯೊಂದರ ರೈತ, ಬಹಳ ವರ್ಷಗಳ ಹಿಂದೆ ನನ್ನಿಂದ ಇತಿಹಾಸದ ಪಾಠ ಹೇಳಿಸಿಕೊಂಡವನು, ಬಂದು ಕುಳಿತ. ಮಳೆ, ಬೆಳೆ, ಮಕ್ಕಳ ಓದು ಇವೆಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದ.

"ಸಾರ್, ಇದನ್ನೊಂದೀಟು ಓದ್ರಿ. ಖರೇ ಐತೋ ಸುಳ್ಳೈತೋ ಹೇಳ್ರಿ."

ಮೂತ್ರಪಿಂಡ ಬೇಕಾಗಿದೆ, 1 ಕೋಟಿ ರೂಪಾಯಿ ಕೊಡಲಾಗುವುದು, ಅರ್ಧ ಹಣ ಮುಂಗಡ ಎಂದು ಯಾವುದೋ ಆಸ್ಪತ್ರೆಯ ಹೆಸರಿನಲ್ಲಿ ಬರೆದಿತ್ತು. ಕೆಳಗೆ ಬಿಳಿಯ ಅಂಗಿಯ ವೈದ್ಯರೊಬ್ಬರ ಚಿತ್ರ. ಹೆಸರು ನೋಂದಾಯಿಸಲು 8,000 ರೂಪಾಯಿ ಕಳಿಸಬೇಕೆಂದಿದ್ದರಂತೆ; ಕಳಿಸಿದ್ದ. ಈಗ ತೆರಿಗೆಯೆಂದು ಇನ್ನೂ 15,000 ಕೇಳುತ್ತಿದ್ದರು. ಆಸ್ಪತ್ರೆಗಳ ಹೆಸರನ್ನು ಕದ್ದು ಊರೂರು ತಿರುಗುವ ಇಂಥ ಮೋಸದ ಜಾಹೀರಾತುಗಳ ಸುದ್ದಿಯನ್ನು ನಾನು ಓದಿದ್ದೆನಾದುದರಿಂದ, ಇದು ಶುದ್ಧ ಸುಳ್ಳು, ಇನ್ನೊಂದು ಪೈಸೆ ಕಳಿಸಬೇಡ ಎಂದೆ. ಅವನು ಬೆಚ್ಚಲಿಲ್ಲ.

"ಕೋಟಿ ಸುಳ್ಳು ಅನ್ನೋದು ನನಗೂ ಗೊತ್ತೈತ್ರಿ ಸಾರ್. ಖರೇ ರೇಟು ಎಷ್ಟು?"

ಎರಡು ಕೊಳವೆಬಾವಿ ಕೊರೆಸಿ ಎರಡರಲ್ಲಿಯೂ ನೀರು ಬಾರದೆ ಸಾಲ ಬೆಳೆದಿದ್ದಿತು. ಹೊಲ ಮಾರುವ ಮಾತು ನಡೆಯುತ್ತಿತ್ತು. ಅಂಗಾಂಗ ಮಾರುವುದು ಕಾನೂನಿನ ಪ್ರಕಾರ ಅಪರಾಧವೆಂದು ನಾನು ಹೇಳಿದಾಗ ಅವನು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ:

"ನಮ್ಮೂರ ಅಗಸ್ಯಾಗಿನ ವೀರಗಲ್ಲು ತೋರಿಸಿ ನೀವ ಹೇಳಿದ್ರಿ, ಊರಿಗಾಗಿ ಇವ ಜೀವ ಕೊಟ್ಟ, ಇವನ ಮಕ್ಕಳಿಗೆ ರಾಜ ಹೊಲ ಕೊಟ್ಟ ಅಂತ. ಅವ ಇಡೀ ಜೀವ ಕೊಟ್ಟು ಹೊಲ ತಗೊಂಡ. ನಾ ಒಂದು ಕಿಡ್ನಿ ಕೊಟ್ಟು ಇರೋ ಹೊಲ ಉಳಿಸಿಕೊಂಡ್ರ ತಪ್ಪೇನ್ರಿ?"

ನನ್ನ ಪಾಠವೇ ನನ್ನನ್ನು ಪ್ರಶ್ನಿಸಿತ್ತು. ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಆಮೇಲೆ ಯೋಚಿಸಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೋಳದ ಪಾಳಿ

ಕನ್ನಡ ಶಾಸನಗಳನ್ನು ಓದುವವರಿಗೆ 'ನೆತ್ತರುಗೊಡಗೆ' ಎಂಬ ಮಾತು ಹೊಸದಲ್ಲ. ತುರುಗಾಳಗದಲ್ಲಿ ದನಗಳನ್ನು ಬಿಡಿಸಲು ಹೋಗಿ ಸತ್ತವನ, ಊರಳಿವಿನಲ್ಲಿ ಹೆಂಗಸರ ಮಾನ ಕಾಯಲು ನಿಂತು ಬಿದ್ದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. 'ಬಾಳ್ಗಚ್ಚು' ಎಂಬುದೂ ಅದೇ ಜಾತಿಯ ಮಾತು. ವೀರನ ಕತ್ತಿಯನ್ನು ತೊಳೆದು ಕೊಟ್ಟ ದತ್ತಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ತಿರುಗಾಡಿದವರು ವೀರಗಲ್ಲುಗಳನ್ನು ಕಾಣದೆ ಬರುವುದು ಕಷ್ಟ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ.

ಇದು ಮಾರಾಟವೇ? ಅಲ್ಲವೆನ್ನಲು ಕಾರಣಗಳುಂಟು. ಬೆಲೆಯನ್ನು ಮೊದಲೇ ಗೊತ್ತುಮಾಡಿಕೊಂಡು ಯಾರೂ ತುರುಗಾಳಗಕ್ಕೆ ಹೋಗಲಿಲ್ಲ. ಕೊಟ್ಟವನ ಹೆಸರು ಪಡೆದವರಿಗೆ ಗೊತ್ತಿತ್ತು. ಆ ಹೆಸರನ್ನು ಕಲ್ಲಿನಲ್ಲಿ ಕೊರೆದು ಊರ ಬಾಗಿಲಲ್ಲಿ ನಿಲ್ಲಿಸಿದರು. ಮೂತ್ರಪಿಂಡ ಮಾರಿದವನ ಹೆಸರನ್ನು ಕೊಂಡವನು ಕೇಳುವುದೂ ಇಲ್ಲ. ಅದು ಮುಚ್ಚಿಟ್ಟಷ್ಟೂ ಇಬ್ಬರಿಗೂ ಕ್ಷೇಮ.

ಆದರೆ ಇಷ್ಟನ್ನೇ ಹೇಳಿ ಮುಗಿಸಿದರೆ ನಾನು ಹಿಂದೆ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತಾದೀತು. ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳೂ ಇವೆ. ಪಂಪನ ಕಾಲಕ್ಕೇ, ಎಂದರೆ 10ನೆಯ ಶತಮಾನಕ್ಕೇ, 'ಜೋಳದ ಪಾಳಿ' ಎಂಬುದು ಕಾವ್ಯದಲ್ಲಿ ನೆಲೆನಿಂತ ಮಾತು. ಒಡೆಯನ ಜೋಳ ಉಂಡವನು ಆ ಋಣವನ್ನು ಮೈಯಿಂದ ತೀರಿಸಬೇಕು. ಸುಮಾರು 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನೂ ಅವನ ಹೆಂಡತಿಯೂ ಅವರ ಸಂಗಡದ ಗರುಡರೂ ಪ್ರಾಣ ಕೊಟ್ಟುದನ್ನು ಹಳೆಯಬೀಡಿನ ಕಂಬ ಇಂದಿಗೂ ತೋರಿಸುತ್ತಿದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಚಿತ್ರ ಆ ಕಂಬದ ಮೇಲಿದೆ. ನೋಡಿದವರು ಸ್ವಾಮಿಭಕ್ತಿ ಎನ್ನುತ್ತಾರೆ. ನಾನೂ ಹುಡುಗರಿಗೆ ಹಾಗೆಯೇ ಹೇಳಿದ್ದೆ. ಒಪ್ಪತ್ತಿನ ಜೋಳಕ್ಕಾಗಿ ಮೈಯನ್ನೇ ಒತ್ತೆ ಇಡಬೇಕಾದ ಬಾಳು ಎಂಥದು ಎಂಬುದನ್ನು ಹೇಳಿರಲಿಲ್ಲ.

ನಮ್ಮ ನೆರೆಯ ಹಂಪೆಯಲ್ಲಿ ಬಾಳಿದ ರಾಘವಾಂಕ ಹರಿಶ್ಚಂದ್ರನ ಕಥೆಯನ್ನು ಕನ್ನಡಕ್ಕೆ ಕೊಟ್ಟ. ವಿಶ್ವಾಮಿತ್ರನ ಸಾಲ ತೀರಿಸಲು ಅರಸನು ಕಾಶಿಯ ಬೀದಿಯಲ್ಲಿ ಹೆಂಡತಿ ಮಕ್ಕಳನ್ನು ಮಾರಿ, ಕಡೆಗೆ ತನ್ನನ್ನೂ ಸುಡುಗಾಡಿನೊಡೆಯ ವೀರಬಾಹುಕನಿಗೆ ಮಾರಿಕೊಂಡ. ಶತಮಾನಗಳಿಂದ ನಾವು ಸಾಲಗಾರನ ಸತ್ಯವನ್ನು ಹೊಗಳುತ್ತ ಬಂದಿದ್ದೇವೆ. ಸಾಲ ಕೊಟ್ಟವನು ಇಷ್ಟರ ಮಟ್ಟಿಗೆ ಹಿಂಸಿಸಬಹುದೇ ಎಂದು ಕೇಳಿದವರು ಕಡಮೆ.

ತೂಕಕ್ಕೆ ಸಿಕ್ಕಿದ ಮೈ

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದರಾಸಿಗೆ ಸೇರಿತ್ತು. ಮನುಷ್ಯನ ಮೇಲೆ ಮನುಷ್ಯನಿಗೆ ಒಡೆತನವಿದೆಯೆಂಬ ವಾದವನ್ನು ನ್ಯಾಯಾಲಯಗಳು ಎತ್ತಿಹಿಡಿಯಕೂಡದೆಂದು 1843ರ ಕಾಯಿದೆ ವಿಧಿಸಿತು. 1860ರ ದಂಡಸಂಹಿತೆ ಗುಲಾಮರ ಕೊಡುಕೊಳೆಯನ್ನು ಶಿಕ್ಷಾರ್ಹವೆಂದು ಸಾರಿತು. ಕಾಗದದ ಮೇಲೆ ಮನುಷ್ಯನ ಮೈ ಸಂತೆಯಿಂದ ಹೊರಬಂದಿತು.

ಆಮೇಲೆ 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ. ಮದರಾಸು ಪ್ರಾಂತದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಧಾನ್ಯದ ವ್ಯಾಪಾರಕ್ಕೆ ಸರಕಾರ ಕೈಹಾಕಬಾರದು, ಬೆಲೆ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ ಎಂಬುದು ಆಗಿನ ದೊರೆಗಳ ಸಿದ್ಧಾಂತ. 1877ರಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್, ಬರಗೆಲಸದ ಗಂಡಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ ಮತ್ತು ಅಲ್ಪ ಹಣ ಸಾಕೆಂದು ಕಟ್ಟುಮಾಡಿದ. ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇಷ್ಟರಲ್ಲಿ ದುಡಿಯುವ ದೇಹ ಉಳಿಯಲಾರದೆಂದು ಪ್ರತಿಭಟಿಸಿದ. ಕೆಲವು ತಿಂಗಳ ಮೇಲೆ ಸರಕಾರ ಅದನ್ನು ಹೆಚ್ಚಿಸಬೇಕಾಯಿತು. ಮನುಷ್ಯನನ್ನು ಇಲ್ಲಿ ಯಾರೂ ಮಾರಲಿಲ್ಲ, ನಿಜ. ಆದರೆ ಅವನು ಎಷ್ಟು ಕಡಮೆಯಲ್ಲಿ ಬದುಕಿಯಾನು ಎಂಬ ಲೆಕ್ಕವನ್ನು ತಕ್ಕಡಿಯಲ್ಲಿಟ್ಟು ತೂಗಿದರು.

ಇನ್ನೊಂದು ಸಂಗತಿಯನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಬಿಟ್ಟರೆ ಈ ಐದು ತಾಲ್ಲೂಕುಗಳ ಇತಿಹಾಸ ಸುಳ್ಳಾಗುತ್ತದೆ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಇಲ್ಲಿ ಬೇರುಬಿಟ್ಟಿತ್ತು. ಬಳ್ಳಾರಿಯ ಕಡೆಯ ಬಸವಿಯರ ಬಗ್ಗೆ ಪೊಲೀಸ್ ಅಧಿಕಾರಿ ಫಾಸೆಟ್ 19ನೆಯ ಶತಮಾನದ ಕೊನೆಯಲ್ಲಿಯೇ ಪ್ರಬಂಧ ಬರೆದಿದ್ದಾನೆ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ವರ್ಷಗಳ ಹೋರಾಟದ ಫಲವಾಗಿ ಮದರಾಸಿನಲ್ಲಿ 1947ರಲ್ಲಿ ನಿಷೇಧದ ಕಾಯಿದೆ ಬಂದಿತು; ಕರ್ನಾಟಕದಲ್ಲಿ 1982ರಲ್ಲಿ ಇನ್ನೊಂದು. ಅಷ್ಟಾದರೂ ಹರಪನಹಳ್ಳಿಯ ಉಚ್ಚಂಗಿದುರ್ಗದ ಹುಣ್ಣಿಮೆಯ ಜಾತ್ರೆಯಲ್ಲಿ ಅಧಿಕಾರಿಗಳು ಕಾವಲು ನಿಂತದ್ದನ್ನು ನಮ್ಮ ಕಾಲದಲ್ಲಿಯೂ ಕಂಡಿದ್ದೇವೆ. ಹೆಸರು ಹರಕೆ, ದೇವರ ಸೇವೆ; ನಡೆದದ್ದು ಬಡವರ ಮನೆಯ ಹೆಣ್ಣುಮಗಳ ಮೈಯನ್ನು ಉಳ್ಳವರು ಅನುಭವಿಸುವ ವ್ಯವಹಾರ. ಮಾರಾಟಕ್ಕೆ ದಾನದ ಹೆಸರಿಟ್ಟರೆ ಅದು ಎಷ್ಟು ಶತಮಾನ ಬಾಳಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಸ ವಿದ್ಯೆ, ಹಳೆಯ ಸಾಲ

ಮೂತ್ರಪಿಂಡಕ್ಕೆ ಬೆಲೆ ಬಂದುದು ತೀರ ಈಚೆಗೆ. 1954ರ ಡಿಸೆಂಬರ್ 23ರಂದು ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರೆ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ವಿಯಾದರು. ರೋಗಿ ಎಂಟು ವರ್ಷ ಬದುಕಿದ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಈ ಶಸ್ತ್ರಕ್ರಿಯೆ ಸಫಲವಾಯಿತು. ಅಂದಿನ ದಿನಗಳಲ್ಲಿ ಪರರ ಅಂಗವನ್ನು ಮೈ ಒಪ್ಪುವುದು ಕಷ್ಟವಾದುದರಿಂದ ಒಡಹುಟ್ಟಿದವರೋ ಹೆತ್ತವರೋ ಕೊಡಬೇಕಾಗಿತ್ತು. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಳಕೆಗೆ ಬಂದು ಆ ಅಡ್ಡಿ ಸಡಿಲವಾಯಿತು. ಇನ್ನು ನೆಂಟನೇ ಬೇಕೆಂದಿರಲಿಲ್ಲ, ಯಾರಾದರೂ ಆಗಬಹುದಿತ್ತು. ಯಾರಾದರೂ ಎಂದಮೇಲೆ, ಬಡವನೇ ಸಿಕ್ಕಿದ. ಜೀವ ಉಳಿಸುವ ಔಷಧವೇ ದಲ್ಲಾಳಿಗೂ ದಾರಿ ಮಾಡಿಕೊಟ್ಟಿತು.

ಚೆನ್ನೈಯ ವಿಲ್ಲಿವಾಕ್ಕಂ ಬಡಾವಣೆಗೆ ಜನ 'ಕಿಡ್ನಿವಾಕ್ಕಂ' ಎಂದು ಅಡ್ಡಹೆಸರಿಟ್ಟರು. ನಮ್ಮ ಬೆಂಗಳೂರೂ ಹಿಂದೆ ಬೀಳಲಿಲ್ಲ. 1995ರ ಆರಂಭದಲ್ಲಿ ಅಲ್ಲಿಯ ಜಾಲವೊಂದು ಬೆಳಕಿಗೆ ಬಂದಾಗ, ಕೆಲಸ ಕೊಡಿಸುವುದಾಗಿ ಕರೆತಂದು ತಮ್ಮ ಮೂತ್ರಪಿಂಡ ತೆಗೆದರೆಂದು ದೂರಿದವರ ಸುದ್ದಿಯನ್ನು ಓದಿ ನಾಡೇ ಬೆಚ್ಚಿತು. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳ ಸುತ್ತಿನ ಹಳ್ಳಿಗಳಲ್ಲಿ ಮೂತ್ರಪಿಂಡ ಮಾರಿಕೊಂಡವರ ಕಥೆಗಳು ಮುಂದೆ ಒಂದೊಂದಾಗಿ ಹೊರಬಿದ್ದವು.

ಪಾರ್ಲಿಮೆಂಟು 1994ರಲ್ಲಿ ಮಾನವ ಅಂಗಾಂಗಗಳ ಕಸಿ ಕಾಯಿದೆಯನ್ನು ಮಾಡಿತು. ಅದು 1995ರ ಫೆಬ್ರವರಿ 4ರಂದು ಜಾರಿಗೆ ಬಂದು, ಕರ್ನಾಟಕವೂ ಅದನ್ನು ಒಪ್ಪಿಕೊಂಡಿತು. ಹೆತ್ತವರು, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡಿರಂಥ ಹತ್ತಿರದ ನೆಂಟರು ಕೊಡಬಹುದು. ಬೇರೆಯವರಾದರೆ ರೋಗಿಯ ಮೇಲಿನ ವಾತ್ಸಲ್ಯದಿಂದ ಅಥವಾ ಅಂಥ ವಿಶೇಷ ಕಾರಣದಿಂದ ಕೊಡುತ್ತಿರುವುದಾಗಿ ಅಧಿಕೃತ ಸಮಿತಿಯ ಒಪ್ಪಿಗೆ ಪಡೆಯಬೇಕು. ಮಾರಾಟಕ್ಕೆ ಮೊದಲು 2ರಿಂದ 7 ವರ್ಷ ಸಜೆ ಇತ್ತು. 2011ರ ತಿದ್ದುಪಡಿ ಅದನ್ನು 5ರಿಂದ 10 ವರ್ಷಕ್ಕೆ ಏರಿಸಿ, 20 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಿತು.

ಕಾಯಿದೆಯ ಆಶಯ ಒಳ್ಳೆಯದೇ. ಆದರೆ 'ವಾತ್ಸಲ್ಯ' ಎಂಬ ಒಂದು ಮಾತಿನ ಮರೆಯಲ್ಲಿ ಎಷ್ಟು ವ್ಯಾಪಾರ ನಡೆದು ಹೋಯಿತು! ಎಂದೂ ಕಂಡಿರದ ಶ್ರೀಮಂತ ರೋಗಿಯ ಮೇಲೆ ನೇಕಾರನಿಗೆ, ಕೂಲಿಯ ಹೆಣ್ಣುಮಗಳಿಗೆ ಒಮ್ಮೆಲೇ ಮಮತೆ ಉಕ್ಕಿಬಂದಂತೆ ಕಾಗದಗಳು ಸಿದ್ಧವಾದವು. ಹರಕೆಯ ಹೆಸರಿನಲ್ಲಿ ನಡೆದದ್ದೇ ಇಲ್ಲಿ ವಾತ್ಸಲ್ಯದ ಹೆಸರಿನಲ್ಲಿ ನಡೆಯಿತು.

ಸಂತೆಯ ವಾದ

ಹಾಗಾದರೆ ಈ ಮರೆಯೇ ಬೇಡ, ಬಹಿರಂಗವಾಗಿ ಮಾರಲು ಬಿಡಿ ಎನ್ನುವ ಪಂಡಿತರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಮೂತ್ರಪಿಂಡ ಕೆಟ್ಟವನು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಯಂತ್ರಕ್ಕೆ ಮೈಯೊಡ್ಡಿ ಮಲಗಬೇಕು. ಅಂಗ ಸಿಗದೆ ಕಾದು ಕಾದು ಸಾಯುವವರಿದ್ದಾರೆ. ಇರಾನ್ ದೇಶ 1988ರಿಂದ ಸರಕಾರದ ನಿಯಂತ್ರಣದಲ್ಲಿಯೇ ಹಣಕ್ಕೆ ಮೂತ್ರಪಿಂಡ ಕೊಡುವ ವ್ಯವಸ್ಥೆ ಮಾಡಿತು. ಇನ್ನೂ ಒಂದು ಪ್ರಶ್ನೆ: ಸಂಡೂರು, ಹೊಸಪೇಟೆಗಳ ಗಣಿಯ ಧೂಳಿನಲ್ಲಿ ಶ್ವಾಸಕೋಶ ಸವೆಸಿಕೊಳ್ಳುವವನಿಗೆ ಕೂಲಿ ಕೊಡುತ್ತೇವೆ. ಅದು ಸರಿಯಾದರೆ ಇದು ಹೇಗೆ ತಪ್ಪು?

ಗಣಿಯ ಮಾತು ನನ್ನನ್ನು ಬಹಳ ಕಾಡಿತು. ಆ ಅನ್ಯಾಯಕ್ಕೆ ಮದ್ದು ಗಣಿಯ ಧೂಳನ್ನು ಅಡಗಿಸುವುದು. ಹೊಟ್ಟೆಯೊಳಗೆ ಇನ್ನೊಂದು ಗಣಿ ತೆರೆಯುವುದಲ್ಲ.

ಇನ್ನು ಲಾಭದ ಮಾತು. ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ 305 ಮಂದಿಯನ್ನು 2001ರಲ್ಲಿ ಕಂಡು ಮಾತನಾಡಿಸಿ, ತಜ್ಞರು 2002ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ಹೆಂಗಸರೇ ಹೆಚ್ಚು. ನೂರಕ್ಕೆ 96 ಮಂದಿ ಮಾರಿದುದು ಸಾಲ ತೀರಿಸಲು. ಕೈಗೆ ಬಂದ ಹಣ ಸರಾಸರಿ 1,070 ಡಾಲರ್. ಒಪ್ಪಿದ ಹಣ ಅದಕ್ಕಿಂತ ಹೆಚ್ಚಾಗಿತ್ತು. ಸಾಲಕ್ಕಾಗಿ ಮಾರಿದವರಲ್ಲಿ ನೂರಕ್ಕೆ 74 ಮಂದಿ ಮಾತನಾಡಿಸಿದ ದಿನವೂ ಸಾಲದಲ್ಲಿಯೇ ಇದ್ದರು. ಮನೆಯ ವರಮಾನ ಮೂರರಲ್ಲೊಂದು ಪಾಲು ಇಳಿದಿತ್ತು. ನೂರಕ್ಕೆ 86 ಮಂದಿ ಆರೋಗ್ಯ ಕೆಟ್ಟಿತೆಂದರು. ಮಾರಲು ಹೊರಟ ಇನ್ನೊಬ್ಬರಿಗೆ ಏನು ಹೇಳುವಿರಿ ಎಂದರೆ, ಬೇಡವೆನ್ನುತ್ತೇವೆ ಎಂದವರು ನೂರಕ್ಕೆ 79. ಸಂತೆಯ ಪಂಡಿತರು ಯಾರ ಸ್ವಾತಂತ್ರ್ಯದ ಪರವಾಗಿ ವಾದಿಸುತ್ತಾರೋ ಅವರೇ ಕೊಟ್ಟ ತೀರ್ಪು ಇದು.

ಈ ಲೆಕ್ಕಕ್ಕಿಂತ ಹೆಚ್ಚಾಗಿ ನನ್ನನ್ನು ನಡುಗಿಸಿದುದು ಬೇರೊಂದು ಸಂಗತಿ. ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ 1990ರ ದಶಕದ ಕೊನೆಯಲ್ಲಿ ಚೆನ್ನೈಯಲ್ಲಿ ಇಂಥ ಹೆಂಗಸರೊಡನೆ ಮಾತನಾಡಿ ಬರೆದದ್ದು: ಮೂತ್ರಪಿಂಡ ಮಾರುವ ರೂಢಿ ಒಂದು ಕೇರಿಯಲ್ಲಿ ಬೇರೂರಿದ ಮೇಲೆ, ಸಾಲಿಗರು ಅದನ್ನೇ ಆಧಾರವೆಂದು ಎಣಿಸತೊಡಗುತ್ತಾರೆ. ಒಬ್ಬನಿಗೆ ಎರಡೆಕರೆ ಇದ್ದರೆ ಅದರ ಮೇಲೆ ಸಾಲ; ಏನೂ ಇಲ್ಲದಿದ್ದರೆ ಪಕ್ಕೆಯೊಳಗಿನದರ ಮೇಲೆ ಸಾಲ. ಕೊಡಲಾರೆ ಎಂದು ಕೈಚೆಲ್ಲುವ ಹಕ್ಕನ್ನೂ ಬಡವ ಕಳೆದುಕೊಳ್ಳುತ್ತಾನೆ. ಇನ್ನೂ ಒಂದು ಇದೆಯಲ್ಲ, ಮಾರು ಎನ್ನಬಹುದು.

ನನ್ನ ಹಳೆಯ ವಿದ್ಯಾರ್ಥಿಗೆ ನಾನು ಹೇಳಬೇಕಾಗಿದ್ದ ಉತ್ತರ ಇಲ್ಲಿದೆ. ಅವನು ಒಬ್ಬನೇ ಮಾರಿ ಒಂದು ಹೊಲ ಉಳಿಸಿಕೊಂಡರೆ ಅದು ಅವನ ಸಂಕಟದ ಮಾತು. ಅವನನ್ನು ಬೈಯಲು ನನಗೆ ಬಾಯಿಲ್ಲ. ಆದರೆ ಮಾರುವುದೇ ನ್ಯಾಯವೆಂದು ನಾಡು ಒಪ್ಪಿದ ದಿನ ಅವನ ಊರಿನ ಎಲ್ಲ ಬಡವರ ಮೈಗಳೂ ಅಡವಿಗೆ ಬಿದ್ದಂತೆ. ಜೋಳವಾಳಿ ಮತ್ತೆ ಬಂದಂತೆ. ವೀರಗಲ್ಲು ಮಾತ್ರ ಬಾರದು. ಸಾಲಕ್ಕೆ ಬದಲಾಗಿ ಆಳಾಗಿ ದುಡಿಯುವ ಜೀತವನ್ನು ನಾವು 1976ರ ಕಾಯಿದೆಯಿಂದ ನಿಷೇಧಿಸಿದುದು ಇದೇ ಕಾರಣಕ್ಕಲ್ಲವೆ? ಹಣಕ್ಕೆ ರಕ್ತ ಕೊಡುವುದನ್ನೂ ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿಯಿಂದ ನಿಲ್ಲಿಸಿದೆವು. ರಕ್ತವಿಲ್ಲದೆ ಆಸ್ಪತ್ರೆಗಳು ಮುಚ್ಚಿಹೋಗುತ್ತವೆ ಎಂದವರಿದ್ದರು, ಮುಚ್ಚಲಿಲ್ಲ.

ಕೊಡುವವರು

ದಾನವೆಂದ ಮಾತ್ರಕ್ಕೆ ಎಲ್ಲವೂ ನಿರ್ಮಲವೆಂದು ನಾನು ಹೇಳಲಾರೆ. ಹಡಗಲಿಯ ನಮ್ಮ ಸೋದರತ್ತೆಯ ಮಗನಿಗೆ ಮೂತ್ರಪಿಂಡ ಕೊಟ್ಟವಳು ಅವನ ಹೆಂಡತಿ. ಅಣ್ಣ ತಮ್ಮಂದಿರು ಮೂವರಿದ್ದರು. ಒಬ್ಬನಿಗೆ ಅಂಗಡಿ, ಒಬ್ಬನಿಗೆ ಸಕ್ಕರೆ ಕಾಯಿಲೆ, ಒಬ್ಬನ ಹೆಂಡತಿ ಬಿಡಲಿಲ್ಲ. ಆಕೆಯನ್ನು ಎಲ್ಲರೂ ಸಾವಿತ್ರಿ ಎಂದು ಹೊಗಳಿದರು. ಇಲ್ಲವೆನ್ನಲು ಆಕೆಗೆ ದಾರಿ ಇತ್ತೇ ಎಂದು ನಾವು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಬದುಕಿರುವವರ ಮೇಲಿನ ಈ ಒತ್ತಾಯ ತಪ್ಪಬೇಕಾದರೆ, ಸತ್ತವರು ಕೊಡಬೇಕು. ಮಿದುಳು ಸತ್ತವರ ಅಂಗಗಳನ್ನು ಮನೆಯವರ ಒಪ್ಪಿಗೆಯಿಂದ ಪಡೆದು ಸರದಿಯಂತೆ ಹಂಚುವ ಸಮಿತಿ ಕರ್ನಾಟಕದಲ್ಲಿ 2007ರಿಂದ ಕೆಲಸಮಾಡಿತು. ಈಗ ಅದಕ್ಕೆ 'ಜೀವಸಾರ್ಥಕತೆ' ಎಂದು ಹೆಸರು. ನಟ ರಾಜಕುಮಾರ್ 2006ರಲ್ಲಿ ತೀರಿಕೊಂಡಾಗ ಕಣ್ಣುಗಳನ್ನು ಕೊಟ್ಟುದು, 2021ರ ಜೂನ್ ತಿಂಗಳಲ್ಲಿ ಅಪಘಾತದಲ್ಲಿ ಮಿದುಳು ಸತ್ತ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಮನೆಯವರು ದಾನ ಮಾಡಿದುದು, ಸಾವಿರ ಭಾಷಣಗಳಿಗಿಂತ ಹೆಚ್ಚು ಜನರ ಮನಸ್ಸನ್ನು ತಟ್ಟಿದವು. ಇಲ್ಲಿ ಬೆಲೆಯಿಲ್ಲ, ಸಾಲಿಗನಿಲ್ಲ. ಆದರೆ ಈ ಸರದಿಯಲ್ಲಿ ಬಡವನ ಹೆಸರೂ ಬಂದು, ಬಂದ ಮೇಲೆ ಶಸ್ತ್ರಕ್ರಿಯೆಯ ಮತ್ತು ಬಾಳಿಡೀ ನುಂಗಬೇಕಾದ ಔಷಧದ ಖರ್ಚು ಅವನ ಕೈಗೆಟಕುವಂತಿರಬೇಕು. ಕೊಡುವಾಗ ಮಾತ್ರ ಬಡವರು ಬೇಕು, ಪಡೆಯುವಾಗ ಬೇಡವೆಂದರೆ ಅದು ಬೇರೆ ರೂಪದ ಸಂತೆಯೇ.

ಸಾಲದ ಕಡೆಗೂ ನೋಡಬೇಕು. ಸಣ್ಣ ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದು ಪೀಡಿಸುವುದನ್ನು ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅಂಗಾಂಗದ ಕಾಯಿದೆಗಿಂತ ಹೆಚ್ಚಾಗಿ ಮೂತ್ರಪಿಂಡಗಳನ್ನು ಕಾಯಬಲ್ಲದ್ದು ಇಂಥ ಕಾಯಿದೆಯೇ ಎಂದು ನನಗೆ ತೋರುತ್ತದೆ, ಅದನ್ನು ನಡೆಸಿದರೆ.

ಆ ಸಂಜೆಯ ಮರುದಿನ ನಾನು ಅವನ ಜೊತೆಯಲ್ಲಿ ಹೋಗಿ ಪೊಲೀಸರಿಗೆ ದೂರು ಬರೆಸಿದೆ. 8,000 ರೂಪಾಯಿ ಈವರೆಗೆ ಬಂದಿಲ್ಲ. ಎರಡೆಕರೆಯನ್ನು ಅವನು ಮಾರಲಿಲ್ಲ; ದಾಯಾದಿಗೆ ಮೂರು ವರ್ಷದ ಲಾವಣಿಗೆ ಹಾಕಿ, ಹೆಂಡತಿಯೊಡನೆ ಕಬ್ಬು ಕಡಿಯಲು ಮಂಡ್ಯದ ಕಡೆ ಗುಳೆ ಹೋದ. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ನಾನು ಯೋಚಿಸಿದುದನ್ನೆಲ್ಲ ಆ ಗದ್ದಲದಲ್ಲಿಯೇ ಹೇಳತೊಡಗಿದೆ. ಅವನು ಮೂಟೆಯನ್ನು ಬಸ್ಸಿನ ಮೇಲಕ್ಕೆ ಎಸೆಯುತ್ತ ಕೇಳಿಸಿಕೊಂಡು, "ಅದು ಸರಿ ಬಿಡ್ರಿ ಸಾರ್. ಮಳಿ ಆದ್ರ ಫೋನ್ ಮಾಡ್ರಿ" ಎಂದ.

ಮುಂಗಾರಿನಲ್ಲಿ ಎರಡು ಹದವಾದ ಮಳೆಯಾಯಿತು. ಫೋನು ಮಾಡಿದೆ.